ಕಾಬ್ ಕೇಳಿದ್ದು ಆ ಪ್ರಶ್ನೆಯನ್ನಲ್ಲ

ಹತ್ತೊಂಬತ್ತನೇ ಶತಮಾನದ ಐರಿಷ್ ಲೇಖಕಿ, ಚಿಂತಕಿ ಫ್ರಾನ್ಸಿಸ್ ಪವರ್ ಕಾಬ್ ಬಗ್ಗೆ ಬರೆಯಿರಿ ಅಂದರೆ ನನ್ನ ವಿದ್ಯಾರ್ಥಿಗಳು ಬರೆಯುವುದು ಒಂದೇ ಸಾಲು: 'ದೇವರನ್ನು ನಂಬಿದ್ದಳು, ಆದ್ದರಿಂದ ಡಾರ್ವಿನ್‌ನನ್ನು ವಿರೋಧಿಸಿದಳು.' ದಯವಿಟ್ಟು ಈ ಸಾಲನ್ನು ಬಿಟ್ಟುಬಿಡಿ.

1822ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ ಈಕೆ ಚರ್ಚಿನ ನಂಬಿಕೆಯನ್ನು ಹರೆಯದಲ್ಲೇ ಬಿಟ್ಟವಳು. ಅದಕ್ಕಾಗಿ ಅಪ್ಪ ಸ್ವಲ್ಪ ಕಾಲ ಮನೆಯಿಂದಲೇ ದೂರ ಕಳಿಸಿದ. ದೇವರನ್ನು ನಂಬಿದ್ದು ನಿಜ, ಆದರೆ ತನ್ನದೇ ರೀತಿಯಲ್ಲಿ. ಮನುಷ್ಯನ ಮೈ ವಾನರ ಮೂಲದ್ದು ಅಂದರೆ ಆಕೆಗೆ ದೊಡ್ಡ ತಕರಾರೇನೂ ಇರಲಿಲ್ಲ. ಡಾರ್ವಿನ್‌ಗೆ ಜರ್ಮನ್ ತತ್ತ್ವಜ್ಞಾನಿ ಕಾಂಟ್‌ನ ನೀತಿಶಾಸ್ತ್ರದ ಪುಸ್ತಕ ಕೊಟ್ಟು ಓದಿಸಿದವಳೂ ಈಕೆಯೇ.

ತಕರಾರು ಶುರುವಾದದ್ದು ಜೇನುಹುಳದಿಂದ. ಮನುಷ್ಯರು ಜೇನುಗೂಡಿನಂಥ ಸ್ಥಿತಿಯಲ್ಲಿ ಬೆಳೆದಿದ್ದರೆ, ಗಂಡುಹುಳಗಳನ್ನು ಕೊಲ್ಲುವ ಕೆಲಸಗಾರ ಹೆಣ್ಣುಜೇನುಗಳ ಹಾಗೆ, ಮದುವೆಯಾಗದ ಹೆಣ್ಣುಮಕ್ಕಳು ಅಣ್ಣತಮ್ಮಂದಿರನ್ನು ಕೊಲ್ಲುವುದೇ ಪವಿತ್ರ ಕರ್ತವ್ಯ ಅಂದುಕೊಳ್ಳುತ್ತಿದ್ದರು ಎಂದು ಡಾರ್ವಿನ್ 1871ರ 'ದಿ ಡಿಸೆಂಟ್ ಆಫ್ ಮ್ಯಾನ್' ಪುಸ್ತಕದಲ್ಲಿ ಬರೆದ. ಕಾಬ್ ಇದಕ್ಕೆ ಗಟ್ಟಿಯಾಗಿ ಆಕ್ಷೇಪ ಎತ್ತಿದಳು.

ಎಲ್ಲರೂ ಎಡವುವುದು ಇಲ್ಲೇ. ನೀತಿ ಎಲ್ಲಿಂದ ಬಂತು ಅನ್ನುವುದು ಒಂದು ಪ್ರಶ್ನೆ. ಅದಕ್ಕೆ ನಾನು ಯಾಕೆ ತಲೆಬಾಗಬೇಕು ಅನ್ನುವುದು ಬೇರೆಯೇ ಪ್ರಶ್ನೆ. ಡಾರ್ವಿನ್ ಹೇಳಲು ಹೊರಟದ್ದು ಮೊದಲನೆಯದನ್ನು. ಕಾಬ್‌ಗೆ ಚಿಂತೆ ಹತ್ತಿದ್ದು ಎರಡನೆಯದರದ್ದು. ನನ್ನ ಆತ್ಮಸಾಕ್ಷಿ ಪೂರ್ವಜರ ಬದುಕಿನ ಆಕಸ್ಮಿಕ ಅಷ್ಟೇ ಅಂತ ಮನಸಾರೆ ನಂಬಿದವನು, ನಾಳೆ ಅದು ಚುಚ್ಚಿದಾಗ ಸುಮ್ನೆ ಕೊಡವಿಕೊಂಡು ಹೋಗಬಹುದಲ್ವಾ? ಇದು ಆಕೆಯ ವಾದ. ಇದರಲ್ಲಿ ಬೈಬಲ್ ಎಲ್ಲಿದೆ, ಹೇಳಿ?

ಆಕೆ ಹೇಳಿದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಸುಳ್ಳು ಹೇಳಬಾರದು ಅಂತ ಅಮ್ಮ ಹೊಡೆದು ಕಲಿಸಿರಬಹುದು. ಏಟಿನಿಂದ ಬಂದ ಪಾಠ ಅಂತ ಅದು ಟೊಳ್ಳಾಗುವುದಿಲ್ಲ. ಹಾಗಾಗಿ ಕಾಬ್‌ಳ ಭಯ ಸ್ವಲ್ಪ ಜಾಸ್ತಿಯಾಯಿತೇನೋ. ಆದರೆ ಡಾರ್ವಿನ್‌ನ ಉತ್ತರವೂ ನನಗೆ ಸಮಾಧಾನ ಕೊಟ್ಟಿಲ್ಲ. ಆ ಪುಸ್ತಕದ 1874ರ ಎರಡನೇ ಆವೃತ್ತಿಯ ಅಡಿಟಿಪ್ಪಣಿಯಲ್ಲಿ ಆಕೆಯ ಹೆಸರೆತ್ತಿ, ಜೇನಿನ ಸಹಜಪ್ರವೃತ್ತಿ ಬಂದದ್ದು ಗೂಡಿನ ಒಳಿತಿಗಾಗಿ ಎಂದ. ಅದು ಮತ್ತೆ ಮೊದಲ ಪ್ರಶ್ನೆಯ ಉತ್ತರವೇ!

ಮನೆಯಲ್ಲಿ ಜೇನುಪೆಟ್ಟಿಗೆ ಇಟ್ಟಿದ್ದ ಒಬ್ಬ ಹುಡುಗಿ ಕ್ಲಾಸಿನಲ್ಲಿ ಕೇಳಿದ್ದಳು: 'ಮೇಡಂ, ಗಂಡುಹುಳಗಳನ್ನು ಹೊರಗೆ ದಬ್ಬಿದ ಮೇಲೆ ಆ ಜೇನುಗಳಿಗೆ ಪಶ್ಚಾತ್ತಾಪ ಆಗುತ್ತಾ?' ಎಷ್ಟು ಖುಷಿಯಾಯಿತೆಂದರೆ, ಅವತ್ತಿನ ಪಾಠವನ್ನೇ ಬದಿಗಿಟ್ಟೆ. ಕಾಬ್ ಜಗ್ಗಾಡಿದ್ದೂ ಪಶ್ಚಾತ್ತಾಪದ ಬಗ್ಗೆಯೇ. ಆಸೆ ತೀರಿದ ಮೇಲೆ ಅದರ ನೆನಪು ಮಸುಕಾಗುತ್ತದೆ, ಜೊತೆಯವರ ಮೇಲಿನ ಒಲವು ಮಾತ್ರ ಉಳಿದು ಕಾಡುತ್ತದೆ ಅನ್ನುವುದು ಡಾರ್ವಿನ್‌ನ ವಿವರಣೆ. ತಪ್ಪು ಮಾಡಿ ನಿಜಕ್ಕೂ ನೊಂದವರ ಅನುಭವ ಹಾಗಿರುವುದಿಲ್ಲ ಎಂದಳು ಕಾಬ್. 1872ರ 'ಡಾರ್ವಿನಿಸಂ ಇನ್ ಮಾರಲ್ಸ್' ಪುಸ್ತಕದಲ್ಲಿ ಅದೇ ಹೆಸರಿನ ಲೇಖನವಿದೆ. ಉತ್ತರ ಬರೆಯುವ ಮುಂಚೆ ಅದೊಂದನ್ನಾದರೂ ಓದಿ.