ಭೋಗ್ಯದ ಮನೆ: ನೀವು ಬಾಡಿಗೆದಾರರಲ್ಲ, ಸಾಲ ಕೊಟ್ಟವರು

ಕಳೆದ ಆಷಾಢದ ಒಂದು ಸಂಜೆ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವ ದಂಪತಿ ನನ್ನ ಕಚೇರಿಗೆ ಬಂದಿದ್ದರು. ಹೆಂಡತಿಯ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕಾಗಿ ಮಡಿಸಿಟ್ಟ 100 ರೂಪಾಯಿಯ ಇ-ಸ್ಟಾಂಪ್ ಕಾಗದವಿತ್ತು. ಗಂಡನ ಮೊಬೈಲಿನಲ್ಲಿ, ಅಂದು ಬೆಳಿಗ್ಗೆ ಬ್ಯಾಂಕಿನವರು ಮನೆಯ ಬಾಗಿಲಿಗೆ ಅಂಟಿಸಿಹೋದ ನೋಟಿಸಿನ ಫೋಟೊ ಇತ್ತು. ಊರಿನ ಜಮೀನಿನಲ್ಲಿ ಬಂದ ಪಾಲಿಗೆ ಮೈಮೇಲಿನ ಚಿನ್ನವನ್ನೂ ಸೇರಿಸಿ ಆರು ಲಕ್ಷ ರೂಪಾಯಿ ಹೊಂದಿಸಿ, ಮೂರು ವರ್ಷದ ಭೋಗ್ಯಕ್ಕೆ ಎರಡು ಕೋಣೆಯ ಮನೆ ಹಿಡಿದಿದ್ದರು. “ನಾವು ಬಾಡಿಗೆಯವರಲ್ಲ ಮೇಡಂ, ಲೀಸಿಗಿರೋದು. ನಮ್ಮ ದುಡ್ಡು ಕೊಡದೆ ಹೆಂಗೆ ಎಬ್ಬಿಸ್ತಾರೆ?” ಎಂದು ಆಕೆ ಕೇಳಿದರು.

ಇದೇ ಪ್ರಶ್ನೆಯನ್ನು ನಾನು ಬೇರೆ ಬೇರೆ ಬಾಯಿಂದ ಅನೇಕ ಸಲ ಕೇಳಿದ್ದೇನೆ. ಬೆಂಗಳೂರಿನಲ್ಲಿಯೂ ರಾಜ್ಯದ ಇತರ ನಗರಗಳಲ್ಲಿಯೂ ತಿಂಗಳ ಬಾಡಿಗೆಯ ಹೊರೆ ತಪ್ಪಿಸಿಕೊಳ್ಳಲು ದುಡಿಯುವ ಕುಟುಂಬಗಳು ಕಂಡುಕೊಂಡಿರುವ ದಾರಿ ಭೋಗ್ಯ. ಇಡೀ ಮೊತ್ತವನ್ನು ಒಮ್ಮೆಗೇ ಕೊಟ್ಟು, ಬಾಡಿಗೆಯಿಲ್ಲದೆ ವಾಸವಿದ್ದು, ಅವಧಿ ಮುಗಿದಾಗ ಅಷ್ಟೂ ಹಣವನ್ನು ಹಿಂಪಡೆಯುವ ಈ ಏರ್ಪಾಡು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಹಣ ಕೊಟ್ಟವರು ತಮ್ಮನ್ನು ಬಾಡಿಗೆದಾರರೆಂದೇ ತಿಳಿದು, ಬಾಡಿಗೆ ಮನೆಗೆ ತೋರುವಷ್ಟೇ ಎಚ್ಚರವನ್ನು ತೋರುತ್ತಾರೆ. ತೊಂದರೆಯ ಬೇರು ಅಲ್ಲಿದೆ. ಭೋಗ್ಯದಲ್ಲಿ ನೀವು ಮನೆ ಮಾಲೀಕರಿಗೆ ಸಾಲ ಕೊಟ್ಟಿರುತ್ತೀರಿ; ಆ ಸಾಲದ ಬಡ್ಡಿಯ ಬದಲಿಗೆ ಅವರ ಮನೆಯಲ್ಲಿ ವಾಸವಾಗಿರುತ್ತೀರಿ.

1882ರ ಸ್ವತ್ತು ವರ್ಗಾವಣೆ ಅಧಿನಿಯಮದ 58ನೇ ಕಲಮಿನ (ಡಿ) ಖಂಡವು ಭೋಗ್ಯ ಅಡಮಾನವನ್ನು ಹೆಚ್ಚುಕಡಿಮೆ ಹೀಗೆಯೇ ವಿವರಿಸುತ್ತದೆ: ಮಾಲೀಕನು ಸ್ವತ್ತಿನ ಸ್ವಾಧೀನವನ್ನು ಸಾಲ ಕೊಟ್ಟವನಿಗೆ ಒಪ್ಪಿಸುತ್ತಾನೆ, ಸಾಲ ತೀರುವವರೆಗೆ ಅದನ್ನು ಇಟ್ಟುಕೊಂಡು ಬಡ್ಡಿಯ ಬದಲಿಗೆ ಅದರ ಫಲವನ್ನು ಅನುಭವಿಸುವ ಹಕ್ಕು ಸಾಲ ಕೊಟ್ಟವನದು. ಹಣ ಕೈಸೇರುವ ತನಕ ಮನೆ ಬಿಡದೆ ಕೂರುವ ಹಕ್ಕು ಎಂದು ಜನ ನಂಬಿರುವುದು ಈ ಮಾತನ್ನೇ, ಮತ್ತು ಆ ನಂಬಿಕೆಗೆ ಆಧಾರವಿದೆ. ಆದರೆ ಮುಂದಿನ ಕಲಮು, ಅಂದರೆ 59, ಒಂದು ಷರತ್ತನ್ನು ಹಾಕುತ್ತದೆ. 100 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತದ ಇಂಥ ಅಡಮಾನವು, ಮಾಲೀಕನ ಸಹಿಯಿದ್ದು ಕನಿಷ್ಠ ಇಬ್ಬರು ಸಾಕ್ಷಿಗಳು ದೃಢೀಕರಿಸಿದ ನೋಂದಾಯಿತ ಪತ್ರದ ಮೂಲಕವೇ ಆಗಬೇಕು. ಉಪನೋಂದಣಾಧಿಕಾರಿಗಳ ಕಚೇರಿಯ ಮೆಟ್ಟಿಲು ಹತ್ತದ ಕಾಗದವು, ಎಷ್ಟು ಜನ ಸಹಿ ಮಾಡಿದ್ದರೂ, ಮನೆಯ ಮೇಲೆ ಅಡಮಾನದ ಹಕ್ಕನ್ನು ಹುಟ್ಟಿಸುವುದಿಲ್ಲ. ನಿಮ್ಮ ಹಣ ಮಾಲೀಕನಿಂದ ವೈಯಕ್ತಿಕವಾಗಿ ಬರಬೇಕಾದ ಬಾಕಿಯಾಗಿ ಉಳಿಯುತ್ತದೆ.

ಆ ದಂಪತಿಯ ಕಾಗದವನ್ನು ಬಿಡಿಸಿ ನೋಡಿದೆ. ತಲೆಬರಹದಲ್ಲಿ ‘ಬಾಡಿಗೆ ಕರಾರು ಪತ್ರ’ ಎಂದಿತ್ತು, ಅವಧಿ 11 ತಿಂಗಳು ಎಂದಿತ್ತು, ಬಾಡಿಗೆಯ ಜಾಗದಲ್ಲಿ ಒಂದು ಅಡ್ಡಗೆರೆ ಇತ್ತು. ಮೂರು ವರ್ಷವೆಂಬುದು ಬಾಯಿಮಾತು. ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು ಉಳಿಸಲು ದಲ್ಲಾಳಿಗಳು ಎಲ್ಲರಿಗೂ ಬರೆದುಕೊಡುವ ಕಾಗದ ಇದೇ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವೆಂದು ಅದೇ ಸ್ವತ್ತು ವರ್ಗಾವಣೆ ಅಧಿನಿಯಮದ 107ನೇ ಕಲಮು ಹೇಳುವುದರಿಂದ 11 ತಿಂಗಳೆಂಬ ಲೆಕ್ಕ ಹುಟ್ಟಿದೆ. ತಿಂಗಳ ಬಾಡಿಗೆಯ ಮನೆಗಳಿಗೆ ಅದು ನಡೆಯುತ್ತದೆ. ಲಕ್ಷಗಟ್ಟಲೆ ಹಣ ಕೈಬದಲಾಗುವ ಭೋಗ್ಯಕ್ಕೆ ಅದೇ ನಮೂನೆಯನ್ನು ಬಳಸುವುದು ಆ ಕುಟುಂಬಕ್ಕೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ನ್ಯಾಯಾಲಯವು ಪತ್ರದ ತಲೆಬರಹಕ್ಕಿಂತ ಅದರೊಳಗಿನ ಕರಾರಿನ ಸ್ವರೂಪವನ್ನು ನೋಡುತ್ತದೆ. ಸಾಕಷ್ಟು ಮುದ್ರಾಂಕವಿಲ್ಲದ ಪತ್ರವನ್ನು ಸಾಕ್ಷ್ಯವಾಗಿ ಹಾಜರುಪಡಿಸಬೇಕಾದರೆ, ಕರ್ನಾಟಕ ಮುದ್ರಾಂಕ ಅಧಿನಿಯಮದ 34ನೇ ಕಲಮಿನಂತೆ ಕೊರತೆಯ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಬೇಕಾಗುತ್ತದೆ. ಅಂದು ಉಳಿಸಿದ ಹಣ ಎಷ್ಟು ದುಬಾರಿಯಾಗುತ್ತದೆಂಬುದು ದಾವೆ ಹೂಡಿದ ದಿನ ತಿಳಿಯುತ್ತದೆ.

ಇನ್ನು ಬ್ಯಾಂಕಿನ ವಿಷಯ. ಮನೆ ಹಿಡಿಯುವಾಗ ಋಣಭಾರ ಪತ್ರ, ಅಂದರೆ ಇ.ಸಿ., ತೋರಿಸಿದ್ದರೆಂದೂ ಅದರಲ್ಲಿ ಯಾವ ಸಾಲವೂ ಇರಲಿಲ್ಲವೆಂದೂ ಗಂಡ ಹೇಳಿದರು. ಅವರ ಮಾತು ನಿಜವಾಗಿತ್ತು. ಮಾಲೀಕರು ಮನೆಯ ಮೂಲ ಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸಿ ಸಾಲ ಪಡೆದಿದ್ದರು. ಹಕ್ಕುಪತ್ರಗಳನ್ನು ಠೇವಣಿಯಿಟ್ಟು ಮಾಡುವ ಈ ಬಗೆಯ ಅಡಮಾನಕ್ಕೆ ನೋಂದಾಯಿತ ಪತ್ರ ಬೇಕೇಬೇಕೆಂಬ ನಿಯಮವಿಲ್ಲ. ಆದ್ದರಿಂದ ಅದು ಇ.ಸಿ.ಯಲ್ಲಿ ಕಾಣದಿರಬಹುದು. ಇಂಥ ಅಡಮಾನಗಳ ಮಾಹಿತಿಗಾಗಿಯೇ 2011ರಿಂದ ಸೆರ್ಸಾಯ್ ಎಂಬ ಕೇಂದ್ರ ನೋಂದಣಿ ವ್ಯವಸ್ಥೆಯಿದೆ, ಸಾರ್ವಜನಿಕರೂ ಅಲ್ಪ ಶುಲ್ಕ ಕೊಟ್ಟು ಅದರಲ್ಲಿ ಹುಡುಕಬಹುದು. ಇದಕ್ಕಿಂತ ಸುಲಭದ ಪರೀಕ್ಷೆಯೂ ಒಂದಿದೆ: ಮೂಲ ಕ್ರಯಪತ್ರವನ್ನು ತೋರಿಸಿ ಎಂದು ಕೇಳಿ. ಜೆರಾಕ್ಸ್ ಪ್ರತಿ ಬೇಡ, ಮೂಲವೇ ಬೇಕು. ಅದು ಮಾಲೀಕರ ಬಳಿ ಇಲ್ಲವೆಂದಾದರೆ ಎಲ್ಲಿದೆಯೆಂದು ತಿಳಿಯುವವರೆಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.

ಅಡಮಾನದಲ್ಲಿರುವ ಮನೆಯನ್ನು ಬಾಡಿಗೆಗೆ ಕೊಡಲು ಮಾಲೀಕನಿಗೆ ಅವಕಾಶವಿಲ್ಲವೆಂದಲ್ಲ. ಸ್ವತ್ತು ವರ್ಗಾವಣೆ ಅಧಿನಿಯಮದ 65-ಎ ಕಲಮು, ಅಡಮಾನ ಪತ್ರದಲ್ಲಿ ಬೇರೆ ಕರಾರಿಲ್ಲದಿದ್ದರೆ, ಆ ಅಧಿಕಾರವನ್ನು ಕೊಡುತ್ತದೆ. ಆದರೆ ಅಂಥ ಗುತ್ತಿಗೆಯಲ್ಲಿ ನ್ಯಾಯವಾಗಿ ಸಿಗಬಹುದಾದ ಅತ್ಯುತ್ತಮ ಬಾಡಿಗೆ ಗೊತ್ತಾಗಿರಬೇಕು, ಇಡಿಗಂಟನ್ನು ಪಡೆದಿರಬಾರದು, ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ಕರಾರಿರಬಾರದು, ಕಟ್ಟಡವಾದರೆ ಅವಧಿ ಮೂರು ವರ್ಷ ಮೀರಬಾರದು ಎಂದು ಅದೇ ಕಲಮು ಹೇಳುತ್ತದೆ. ಇಡಿಗಂಟು ಕೊಟ್ಟು ಬಾಡಿಗೆಯೇ ಇಲ್ಲದೆ ಇರುವ ಭೋಗ್ಯ ಈ ಅಳತೆಗೆ ಹೊಂದುವುದಿಲ್ಲ. ತಿಂಗಳಿಗಿಷ್ಟೆಂದು ಬಾಡಿಗೆ ಕಟ್ಟುತ್ತಿರುವ ಪಕ್ಕದ ಮನೆಯವರು ಬ್ಯಾಂಕಿನ ಮುಂದೆ ಹೇಳಿಕೊಳ್ಳಬಹುದಾದ ಮಾತನ್ನು ಆರು ಲಕ್ಷ ಕೊಟ್ಟವರು ಹೇಳಿಕೊಳ್ಳಲು ಕಷ್ಟಪಡುವುದು ಇದೇ ಕಾರಣಕ್ಕೆ.

ಸಾಲ ತೀರದಿದ್ದಾಗ ಅಡಮಾನದ ಸ್ವತ್ತನ್ನು ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ, ಸರ್ಫೇಸಿ ಎಂದು ಕರೆಯುವ 2002ರ ಕಾನೂನಿನಡಿ ಬ್ಯಾಂಕು ಮೊದಲು ಸಾಲಗಾರನಿಗೆ 60 ದಿನಗಳ ನೋಟಿಸು ಕೊಡುತ್ತದೆ. ಆ ನೋಟಿಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆಯನ್ನು ಯಾರಿಗೂ ಗುತ್ತಿಗೆಗೆ ಕೊಡುವಂತಿಲ್ಲ. ವಾಸವಿರುವವರು ತಮ್ಮ ಹಕ್ಕನ್ನು ಸಾಲ ವಸೂಲಾತಿ ನ್ಯಾಯಮಂಡಳಿಯ ಮುಂದೆ ಹೇಳಿಕೊಳ್ಳಲು ಈಗ ಅವಕಾಶವಿದೆ, ಆದರೆ ಬ್ಯಾಂಕು ಸ್ವಾಧೀನದ ಕ್ರಮ ಕೈಗೊಂಡ ದಿನದಿಂದ 45 ದಿನಗಳೊಳಗೆ ಅರ್ಜಿ ಹಾಕಬೇಕು. ಬಾಗಿಲಿಗೆ ಅಂಟಿಸಿದ ಕಾಗದವನ್ನು ‘ಅದು ಓನರ್ ವಿಷಯ’ ಎಂದು ಕಿತ್ತೆಸೆದು ಈ ದಿನಗಳನ್ನು ಕಳೆದುಕೊಂಡವರನ್ನು ನೋಡಿ ನನಗೆ ಬಹಳ ನೋವಾಗಿದೆ. ಈ ದಂಪತಿ ಅದೇ ದಿನ ಬಂದಿದ್ದರಿಂದ ಅರ್ಜಿ ಹಾಕಲು ಸಮಯವಿತ್ತು. ಮಾಲೀಕರ ಮೇಲೆ ಹಣ ವಸೂಲಿಯ ದಾವೆಯನ್ನೂ ಜೊತೆಯಲ್ಲೇ ಹೂಡಿದೆವು. ಅಂಥ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿಯಿದೆ.

ಮಧ್ಯವರ್ತಿಗಳ ಹಾವಳಿ ಇನ್ನೊಂದು ಬಗೆಯದು. ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಪಡೆದು, ಅದೇ ಮನೆಯನ್ನು ಬೇರೆ ಕುಟುಂಬಕ್ಕೆ ಭೋಗ್ಯಕ್ಕೆ ಕೊಟ್ಟು, ಕೆಲವು ತಿಂಗಳು ಬಾಡಿಗೆ ಕಟ್ಟಿ ಆಮೇಲೆ ಕಾಣೆಯಾಗುತ್ತಾರೆ. ತನ್ನದಲ್ಲದ ಮನೆಯನ್ನು ಯಾರೂ ಭೋಗ್ಯಕ್ಕೆ ಹಾಕಲಾರರು. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ವಂಚನೆಯ ದೂರು ಕೊಡಬಹುದಾದರೂ, ದೂರಿನಿಂದ ಮನೆ ಉಳಿಯುವುದಿಲ್ಲ. ಪತ್ರಕ್ಕೆ ಖಾತೆಯಲ್ಲಿರುವ ಮಾಲೀಕರೇ ಸಹಿ ಮಾಡಬೇಕು, ಹಣ ಅವರ ಬ್ಯಾಂಕ್ ಖಾತೆಗೇ ಹೋಗಬೇಕು. ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಎಲ್ಲರ ಸಹಿಯೂ ಬೇಕು.

ನಗದಿನ ಬಗ್ಗೆ ಮಾಲೀಕರಿಗೂ ಒಂದು ಮಾತು. 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಠೇವಣಿಯನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ; ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ‘ಅರ್ಧ ಕ್ಯಾಷ್ ಕೊಡಿ’ ಎನ್ನುವ ಮಾಲೀಕರು ತಮ್ಮ ಕೊರಳಿಗೇ ಕುಣಿಕೆ ಹಾಕಿಕೊಳ್ಳುತ್ತಿದ್ದಾರೆ.

ಹಣ ಕೊಟ್ಟವರಿಗೂ ಹೊಣೆಗಳಿವೆ. ಸ್ವಾಧೀನದಲ್ಲಿರುವ ಅಡಮಾನದಾರನು ಸ್ವತ್ತನ್ನು ತನ್ನದೇ ಎಂಬಂತೆ ಎಚ್ಚರದಿಂದ ನೋಡಿಕೊಳ್ಳಬೇಕು, ಹಾಳುಗೆಡವಬಾರದು. ಬೋರ್‌ವೆಲ್ ಮೋಟಾರು ಸುಟ್ಟರೆ, ತಾರಸಿ ಸೋರಿದರೆ, ಮನೆ ಕಂದಾಯ ಬಾಕಿಯಾದರೆ ಯಾರು ಕೊಡಬೇಕೆಂಬುದನ್ನು ಪತ್ರದಲ್ಲೇ ಬರೆಯಿರಿ. ಬರೆಯದೆ ಬಿಟ್ಟ ಎರಡು ಸಾವಿರದ ಪ್ಲಂಬರ್ ಖರ್ಚಿನಿಂದ ಹೊತ್ತಿಕೊಂಡ ಜಗಳ ಲಕ್ಷಗಳ ದಾವೆಯಾದದ್ದನ್ನು ಕಂಡಿದ್ದೇನೆ.

ಮಾಲೀಕರು ಬೀಗ ಬದಲಿಸಿ ಹೊರಹಾಕಿದರೆ, ಕಾಗದ ಎಷ್ಟೇ ದುರ್ಬಲವಾಗಿದ್ದರೂ, 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು.

ಮನೆ ಬಿಡುವ ದಿನ ಹಣ ಮತ್ತು ಬೀಗದಕೈ ಒಂದೇ ಮೇಜಿನ ಮೇಲೆ ಕೈಬದಲಾಗಬೇಕು. ‘ಮೊದಲು ಖಾಲಿ ಮಾಡಿ, ಮುಂದಿನವರು ಬಂದ ಮೇಲೆ ಕೊಡುತ್ತೇನೆ’ ಎಂಬ ಮಾತಿಗೆ ಒಪ್ಪಿ ಸಾಮಾನು ಸಾಗಿಸಿದರೆ ನಿಮ್ಮ ಕೈಯಲ್ಲಿದ್ದ ಒಂದೇ ಹಿಡಿತವೂ ಹೋಯಿತು. ಡಿ.ಡಿ. ಅಥವಾ ಖಾತೆಗೆ ಜಮೆಯಾದ ಸಂದೇಶವನ್ನು ನೋಡಿಯೇ ಬೀಗದಕೈ ಕೊಡಿ. ಪತ್ರ ನೋಂದಣಿಯಾಗಿದ್ದರೆ ಅದೇ ವಾರ ಮಾಲೀಕರೊಡನೆ ಉಪನೋಂದಣಿ ಕಚೇರಿಗೆ ಹೋಗಿ ಭೋಗ್ಯ ತೀರಿದ್ದಕ್ಕೆ ಬಿಡುಗಡೆ ಪತ್ರವನ್ನು ಬರೆದುಕೊಡಿ. ಇಲ್ಲವಾದರೆ ಅವರ ಇ.ಸಿ.ಯಲ್ಲಿ ನಿಮ್ಮ ಹೆಸರು ಹಾಗೆಯೇ ಉಳಿದು, ಮುಂದೆ ಅವರು ಮನೆ ಮಾರಲು ಹೊರಟಾಗ ನಿಮ್ಮನ್ನು ಹುಡುಕಿಕೊಂಡು ಬರಬೇಕಾಗುತ್ತದೆ.