ಕರಿದ ಎಣ್ಣೆಯಿಂದ ಪಂಪ್‌ಸೆಟ್ ಓಡಿಸಲು ಮನೆಯಲ್ಲಿ ಸೋಸುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮ ತೋಟದಲ್ಲಿ ಹಳೆಯ ಒಂಟಿ ಸಿಲಿಂಡರ್ ಡೀಸೆಲ್ ಪಂಪ್‌ಸೆಟ್ ಇದೆ. ಹತ್ತಿರದ ಹಾಸ್ಟೆಲ್ ಮೆಸ್‌ನವರು ಕರಿದು ಉಳಿದ ಎಣ್ಣೆಯನ್ನು ಕೊಡಲು ಒಪ್ಪಿದ್ದಾರೆ. ಅದನ್ನು ಮನೆಯಲ್ಲೇ ಸೋಸಿ ಇಂಧನವಾಗಿ ಬಳಸಬೇಕೆಂದಿದ್ದೇನೆ. ಎಷ್ಟು ಮೈಕ್ರಾನ್‌ನ ಫಿಲ್ಟರ್ ಕೊಳ್ಳಬೇಕು?

ಉತ್ತರ: ಕೊನೆಯ ಹಂತಕ್ಕೆ 5 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಸಾಧ್ಯವಾದರೆ ಅದರ ನಂತರ 1 ಮೈಕ್ರಾನ್. ಆದರೆ ಫಿಲ್ಟರ್‌ಗೆಂದು ತೆಗೆದಿಟ್ಟ ಹಣವನ್ನು ಸದ್ಯಕ್ಕೆ ಹಾಗೆಯೇ ಇರಿಸಿಕೊಳ್ಳಿ. ಮೊದಲು ಬೇಕಾದದ್ದು ಎರಡು ಡ್ರಮ್, ಒಂದೆರಡು ನಲ್ಲಿ, ಕೆಲವು ವಾರಗಳ ಕಾಲಾವಕಾಶ. ಈ ಪ್ರಶ್ನೆ ಕೇಳುವವರೆಲ್ಲ ಮೈಕ್ರಾನ್ ಲೆಕ್ಕದಿಂದಲೇ ಶುರುಮಾಡುತ್ತಾರೆ. ಎಂಜಿನ್ ಹಾಳಾಗುವುದು ಮಾತ್ರ ಹೆಚ್ಚಾಗಿ ಯಾವ ಬಟ್ಟೆಗೂ ಸಿಕ್ಕಿಬೀಳದ ನೀರಿನಿಂದ.

ಮೆಸ್‌ನ ಬಾಣಲೆಯಲ್ಲಿ ಏನಾಗುತ್ತದೆ ನೋಡಿ. ಬೋಂಡಾ ಹಿಟ್ಟಿನಲ್ಲಿ ನೀರಿದೆ, ಈರುಳ್ಳಿಯಲ್ಲಿ ನೀರಿದೆ, ಆಲೂಗಡ್ಡೆಯಲ್ಲಂತೂ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರೇ. ಬಹುಪಾಲು ಹಬೆಯಾಗಿ ಹೋದರೂ ಸ್ವಲ್ಪ ಎಣ್ಣೆಯಲ್ಲೇ ಉಳಿಯುತ್ತದೆ. ಒಲೆ ಆರಿಸಿದ ಮೇಲೆ ಮುಚ್ಚಳದ ಒಳಮೈಯಿಂದ ಒಂದಿಷ್ಟು ತೊಟ್ಟಿಕ್ಕುತ್ತದೆ, ತೊಳೆದು ಒರೆಸದ ಕ್ಯಾನ್‌ನಿಂದ ಇನ್ನಷ್ಟು ಸೇರುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಅದು ಈ ನೀರಿನ ಹನಿಗಳಲ್ಲಿ ಕರಗಿ ಕುಳಿತಿರುತ್ತದೆ. ಡೀಸೆಲ್ ಎಂಜಿನ್ನಿಗೆ ಇಂಧನ ತಳ್ಳುವ ಇಂಜೆಕ್ಷನ್ ಪಂಪಿನಲ್ಲಿ ಪ್ಲಂಜರ್ ಎಂಬ ಉಕ್ಕಿನ ಕಡ್ಡಿಗೂ ಅದು ಆಡುವ ಕೊಳವೆಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ಅಂಥ ನಯವಾದ ಉಕ್ಕಿನ ಮೇಲೆ ಉಪ್ಪುನೀರು ಒಂದು ವಾರ ನಿಂತರೆ ತುಕ್ಕು ಹಿಡಿಯುತ್ತದೆ. ಹಿಟ್ಟಿನ ಕಣ ಫಿಲ್ಟರನ್ನು ಕಟ್ಟಿಹಾಕುತ್ತದೆ, ಅಷ್ಟೇ. ನೀರು ಪಂಪನ್ನೇ ಕೊಲ್ಲುತ್ತದೆ.

ಆದ್ದರಿಂದ ಮೆಸ್‌ನಿಂದ ಮೊದಲ ಕ್ಯಾನ್ ತಂದ ದಿನವೇ ಒಂದು ಕೆಲಸ ಮಾಡಿ. ಒಣಗಿದ ಗಾಜಿನ ಬಾಟಲಿಯಲ್ಲಿ ಒಂದು ಲೀಟರ್ ಎಣ್ಣೆ ತುಂಬಿ, ಮುಚ್ಚಿ, ಅಲುಗಾಡಿಸದೆ ಒಂದು ವಾರ ಕಿಟಕಿಯ ಪಕ್ಕದಲ್ಲಿಡಿ. ಮೇಲ್ಭಾಗ ಕ್ರಮೇಣ ತಿಳಿಯಾಗಿ ಜೇನಿನ ಬಣ್ಣಕ್ಕೆ ಬರುತ್ತದೆ. ಅದರ ಕೆಳಗೆ ಮಬ್ಬು ಪದರ, ತಳದಲ್ಲಿ ಕಂದು ಗಸಿ. ಗಸಿಯನ್ನು ಬೆಳಕಿಗೆ ಹಿಡಿದು ನೋಡಿದರೆ ನೀರಿನ ಸಣ್ಣ ಗುಳ್ಳೆಗಳು ಗಾಜಿಗೆ ಅಂಟಿಕೊಂಡಿರುವುದು ಕಾಣುತ್ತದೆ. ಬಾಟಲಿಯ ಮುಕ್ಕಾಲು ಭಾಗ ತಿಳಿಯಾದರೆ ಆ ಮೆಸ್‌ನ ಎಣ್ಣೆ ಬಳಕೆಗೆ ಯೋಗ್ಯ. ವಾರ ಕಳೆದರೂ ಇಡೀ ಬಾಟಲಿ ಮಬ್ಬಾಗಿಯೇ ಇದ್ದರೆ, ಅಥವಾ ಎಣ್ಣೆ ಕಪ್ಪಾಗಿ ಬೆರಳಿಗೆ ಅಂಟುವಷ್ಟು ಮಂದವಾಗಿದ್ದರೆ, ಅದನ್ನು ಬಿಟ್ಟುಬಿಡುವುದು ಒಳ್ಳೆಯದು. ಕೆಟ್ಟ ಎಣ್ಣೆಯನ್ನು ಒಳ್ಳೆಯದು ಮಾಡುವ ಫಿಲ್ಟರ್ ಇಲ್ಲ.

ಈಗ ತಳಕ್ಕಿಳಿಯುವ ಲೆಕ್ಕ. ಕಣ ಇಳಿಯುವ ವೇಗ ಅದರ ಅಡ್ಡಳತೆಯ ವರ್ಗಕ್ಕೆ ಅನುಗುಣ. ಗಾತ್ರ ಅರ್ಧವಾದರೆ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಾಮೋಲಿನ್‌ನಂಥ ಎಣ್ಣೆಯೊಳಗೆ 10 ಮೈಕ್ರಾನ್‌ನ ಕಡಲೆಹಿಟ್ಟಿನ ಕಣ ದಿನಕ್ಕೆ ಸುಮಾರು 4–5 ಸೆಂಟಿಮೀಟರ್ ಇಳಿಯುತ್ತದೆ. 200 ಲೀಟರ್ ಡ್ರಮ್‌ನಲ್ಲಿ ಎಣ್ಣೆಯ ಆಳ 80 ಸೆಂಟಿಮೀಟರ್ ಎಂದುಕೊಂಡರೆ ಎರಡು ವಾರ ದಾಟುತ್ತದೆ. ಅದೇ ಗಾತ್ರದ ನೀರಿನ ಹನಿಗೂ ಎಣ್ಣೆಗೂ ಸಾಂದ್ರತೆಯ ವ್ಯತ್ಯಾಸ ಕಡಿಮೆ, ಹಾಗಾಗಿ ಅದು ದಿನಕ್ಕೆ ಒಂದು ಸೆಂಟಿಮೀಟರ್ ಕೂಡ ಇಳಿಯುವುದಿಲ್ಲ. ಹನಿಗಳು ಒಂದಕ್ಕೊಂದು ಸೇರಿ ದೊಡ್ಡದಾದರೆ ಮಾತ್ರ ಕೆಲಸ ಬೇಗ ಮುಗಿಯುತ್ತದೆ. 100 ಮೈಕ್ರಾನ್‌ನ ಹನಿ ಅದೇ 80 ಸೆಂಟಿಮೀಟರನ್ನು ಒಂದೇ ದಿನದಲ್ಲಿ ಇಳಿದುಬಿಡುತ್ತದೆ.

ಹನಿಗಳನ್ನು ಒಗ್ಗೂಡಿಸಲು ಬೇಕಾದದ್ದು ಬೆಚ್ಚಗಿನ ಎಣ್ಣೆ. ಬಿಸಿಯಾದಂತೆ ಎಣ್ಣೆ ತೆಳುವಾಗುತ್ತದೆ, 60 ಡಿಗ್ರಿಯ ಹೊತ್ತಿಗೆ ಇಳಿಯುವ ವೇಗ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ರಾಯಚೂರು, ಕಲಬುರಗಿ ಕಡೆಯವರಿಗೆ ಏಪ್ರಿಲ್‌ನ ಬಿಸಿಲೇ ಸಾಕು. ಕಪ್ಪು ಬಣ್ಣ ಬಳಿದ ಕಬ್ಬಿಣದ ಡ್ರಮ್ಮನ್ನು ತಗಡಿನ ಪಕ್ಕ ಬಿಸಿಲಿಗಿಟ್ಟರೆ ಕರೆಂಟಿನ ಖರ್ಚಿಲ್ಲದೆ ಎಣ್ಣೆ ಬಿಸಿಯಾಗುತ್ತದೆ. ಮಲೆನಾಡಿನಲ್ಲಿ ಮಳೆಗಾಲದ ನಾಲ್ಕು ತಿಂಗಳು ಈ ಕೆಲಸ ಬೇಡವೇ ಬೇಡ. ಹಗಲು ಬಿಸಿಯಾಗಿ ರಾತ್ರಿ ತಣಿಯುವ ಡ್ರಮ್ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಗಾಳಿಯ ಜೊತೆಗೆ ತೇವವನ್ನೂ. ಎಣ್ಣೆಯನ್ನು ಒಲೆಯ ಮೇಲಿಟ್ಟು ನೀರನ್ನು ಕುದಿಸಿ ತೆಗೆಯುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ. ತಳದಲ್ಲಿ ನಿಂತ ನೀರು 100 ಡಿಗ್ರಿ ದಾಟಿದೊಡನೆ ಒಮ್ಮೆಗೇ ಹಬೆಯಾಗಿ ಸಿಡಿದು, ಬಿಸಿ ಎಣ್ಣೆಯನ್ನು ಡ್ರಮ್‌ನಿಂದ ಆಚೆಗೆ ಎಸೆಯುತ್ತದೆ. ಪಕ್ಕದಲ್ಲಿ ಒಲೆ ಉರಿಯುತ್ತಿರುತ್ತದೆ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಡ್ರಮ್ಮಿಗೆ ಎರಡು ನಲ್ಲಿ ಹಾಕಿಸಿ. ಒಂದು ತೀರಾ ತಳದಲ್ಲಿ, ಗಸಿ ಮತ್ತು ನೀರನ್ನು ಹೊರಬಿಡಲು. ಇನ್ನೊಂದು ತಳದಿಂದ ಒಂದು ಗೇಣು ಮೇಲೆ, ತಿಳಿ ಎಣ್ಣೆ ತೆಗೆಯಲು. ಸುರಿಯುವಾಗ ಮೇಲಿಂದ ಧುಮ್ಮಿಕ್ಕಿಸದೆ ಬದಿಗೆ ತಾಗಿಸಿ ನಿಧಾನವಾಗಿ ಬಿಡಿ, ಇಲ್ಲವಾದರೆ ಕೆಳಗೆ ಕೂತದ್ದೆಲ್ಲ ಎದ್ದುಬರುತ್ತದೆ. ಮೇಲ್ಬಾಯಿಗೆ ಉಕ್ಕಿನ ಜರಡಿ, ಅದರ ಮೇಲೆ ನಾಲ್ಕು ಮಡಿಕೆಯ ಹಳೆಯ ಪಂಚೆ ಬಟ್ಟೆ: ಬೋಂಡಾ ಚೂರು, ಕರಿದ ಕರಿಬೇವು ಎಲ್ಲ ಅಲ್ಲಿಗೇ ನಿಲ್ಲುತ್ತವೆ. ಒಂದು ಡ್ರಮ್ ತುಂಬಿದ ಮೇಲೆ ಅದಕ್ಕೆ ಹೊಸ ಎಣ್ಣೆ ಸೇರಿಸಬಾರದು. ಅದಕ್ಕೇ ಎರಡು ಡ್ರಮ್ ಎಂದದ್ದು. ಒಂದು ತುಂಬುತ್ತಿರುವಾಗ ಇನ್ನೊಂದು ತಿಳಿಯಾಗುತ್ತಿರಲಿ.

ತಾಮ್ರ, ಹಿತ್ತಾಳೆ, ಸತು ಲೇಪಿಸಿದ ಜಿಐ ಪೈಪ್ ಈ ಮೂರನ್ನೂ ದೂರವಿಡಿ. ತಾಮ್ರ ಎಣ್ಣೆ ಹಳಸುವುದನ್ನು ಚುರುಕುಗೊಳಿಸುತ್ತದೆ. ಕರಿದ ಎಣ್ಣೆಯ ಕೊಬ್ಬಿನಾಮ್ಲಗಳು ಸತುವಿನ ಜೊತೆ ಸೇರಿ ಸಾಬೂನಿನಂಥ ಲೋಳೆಯಾಗಿ ಫಿಲ್ಟರಿನಲ್ಲಿ ಕೂರುತ್ತವೆ. ಸಾದಾ ಕಬ್ಬಿಣ, ಸ್ಟೀಲ್, ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಕ್ಯಾನ್ ಸರಿ. ಸಾದಾ ರಬ್ಬರ್ ಪೈಪ್ ಎಣ್ಣೆಯಲ್ಲಿ ಉಬ್ಬಿ ಮೆತ್ತಗಾಗುತ್ತದೆ. ನೈಟ್ರೈಲ್ ಅಥವಾ ವೈಟಾನ್ ಪೈಪ್ ಕೇಳಿ ಪಡೆಯಿರಿ.

ಇಷ್ಟಾದ ಮೇಲೆ ಫಿಲ್ಟರ್. ಎಲ್ಲವನ್ನೂ ಒಂದೇ ಚೀಲದಲ್ಲಿ ಮುಗಿಸಲು ಹೋದರೆ 5 ಮೈಕ್ರಾನ್ ಚೀಲ ಹತ್ತಿಪ್ಪತ್ತು ಲೀಟರಿಗೇ ಕಟ್ಟಿಕೊಳ್ಳಬಹುದು. 100, 25, 5 ಎಂಬ ಮೂರು ಮೆಟ್ಟಿಲು ಮಾಡಿ. ಪಾಲಿಪ್ರೊಪಿಲೀನ್ ಫೆಲ್ಟ್‌ನ ಚೀಲಗಳು ಕೈಗಾರಿಕಾ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಡ್ರಮ್ಮನ್ನು ಒಂದೂವರೆ ಮೀಟರ್ ಎತ್ತರದ ಕಟ್ಟೆಯ ಮೇಲಿಟ್ಟರೆ ಪಂಪೂ ಬೇಡ, ಎಣ್ಣೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಒತ್ತಡ ಹಾಕಿ ತಳ್ಳಿದರೆ ಮೆತ್ತಗಿನ ಗಸಿ ಹಿಂಡಿಕೊಂಡು ಚೀಲದ ಇನ್ನೊಂದು ಬದಿಗೆ ಬಂದುಬಿಡುತ್ತದೆ. ಕೊಳ್ಳುವಾಗ ಒಂದು ಮಾತು ಕೇಳಿ: ಮೈಕ್ರಾನ್ ಲೆಕ್ಕ ನಾಮಿನಲ್ಲೋ, ಅಬ್ಸಲ್ಯೂಟೋ? ನಾಮಿನಲ್ 5 ಎಂದರೆ ಆ ಗಾತ್ರದ ಕಣಗಳಲ್ಲಿ ಒಂದು ಪಾಲನ್ನಷ್ಟೇ ಅದು ಹಿಡಿಯುತ್ತದೆ, ಉಳಿದವು ದಾಟಿಹೋಗುತ್ತವೆ. ಅಗ್ಗದ ಚೀಲಗಳು ಸಾಮಾನ್ಯವಾಗಿ ನಾಮಿನಲ್ಲೇ. ಹಾಗಾಗಿ ಕೊನೆಯ ಸುತ್ತನ್ನು ಎರಡು ಬಾರಿ ಹಾಯಿಸುವುದು ಒಳ್ಳೆಯದು. ಕುಡಿಯುವ ನೀರಿನ ಫಿಲ್ಟರಿನ ಪ್ಲಾಸ್ಟಿಕ್ ಗೂಡು ಬಿಸಿ ಎಣ್ಣೆಗೆ ಮಾಡಿದ್ದಲ್ಲ. ಬಳಸುವುದೇ ಆದರೆ ತಣ್ಣಗಿನ ಎಣ್ಣೆಗೆ ಮಾತ್ರ ಬಳಸಿ.

ಬಿಸಿಯಾಗಿ ಸೋಸಬೇಕೋ, ತಣ್ಣಗೋ? ಬಿಸಿ ಎಣ್ಣೆ ಬೇಗ ಹರಿಯುತ್ತದೆ ಎಂದು ಹೆಚ್ಚಿನವರು ಬಿಸಿಯಾಗಿಯೇ ಸೋಸುತ್ತಾರೆ. ನನ್ನ ಸಲಹೆ ಬೇರೆ. ಹಾಸ್ಟೆಲ್‌ಗಳಲ್ಲಿ ಬಳಸುವುದು ಹೆಚ್ಚಾಗಿ ಪಾಮೋಲಿನ್, ಜೊತೆಗೆ ಕೆಲವೊಮ್ಮೆ ವನಸ್ಪತಿ ಬೆರೆತಿರುತ್ತದೆ. ಕಬಾಬ್ ಕರಿದಿದ್ದರೆ ಕೋಳಿಯ ಕೊಬ್ಬೂ ಇರುತ್ತದೆ. ಬಿಸಿಯಲ್ಲಿ ಇವೆಲ್ಲ ಕರಗಿ ಚೀಲದಿಂದ ಸಲೀಸಾಗಿ ದಾಟುತ್ತವೆ. ಡಿಸೆಂಬರ್‌ನ ಬೆಳಗಿನ ಜಾವ ಎಂಜಿನ್ನಿನ ಫಿಲ್ಟರಿನಲ್ಲಿ ಮತ್ತೆ ಗಟ್ಟಿಯಾಗುತ್ತವೆ. ಬಿಸಿಯಲ್ಲಿ ತಿಳಿಯಾಗಲು ಬಿಡಿ, ಸೋಸುವುದನ್ನು ಮಾತ್ರ ಎಣ್ಣೆ ಪೂರ್ತಿ ತಣಿದ ಮೇಲೆ, ಸಾಧ್ಯವಾದರೆ ಮುಂಜಾನೆಯ ತಂಪಿನಲ್ಲಿ ಮಾಡಿ. ನಿಧಾನವಾಗುತ್ತದೆ, ನಿಜ. ಆದರೆ ಎಂಜಿನ್ನಿಗೆ ತೊಂದರೆ ಕೊಡುವ ಕೊಬ್ಬು ಚೀಲದಲ್ಲೇ ಉಳಿಯುತ್ತದೆ.

ನೀರು ಹೋಗಿದೆಯೇ ಎಂದು ತಿಳಿಯಲು ಪ್ರಯೋಗಾಲಯ ಬೇಡ. ದೋಸೆ ಕಾವಲಿಯನ್ನು ಚೆನ್ನಾಗಿ ಕಾಯಿಸಿ, ಹೊಗೆ ಬರುವ ಮುಂಚೆ ಒಂದು ಚಮಚ ಸೋಸಿದ ಎಣ್ಣೆ ಹಾಕಿ. ಒಗ್ಗರಣೆಗೆ ಸಾಸಿವೆ ಬಿದ್ದಂತೆ ಚಟಪಟ ಎಂದರೆ ನೀರು ಧಾರಾಳವಾಗಿದೆ, ಮತ್ತೆ ಡ್ರಮ್ಮಿಗೆ ಹಾಕಿ. ಸದ್ದಿಲ್ಲದೆ ಅಂಚಿನಲ್ಲಿ ಸೂಜಿಮೊನೆಯಂಥ ಗುಳ್ಳೆಗಳು ಸಾಲಾಗಿ ಎದ್ದರೆ ಇನ್ನೂ ಸ್ವಲ್ಪ ಉಳಿದಿದೆ. ಎಣ್ಣೆ ಸುಮ್ಮನೆ ಹರಡಿಕೊಂಡು ನಿಂತರೆ ಮುಂದುವರಿಯಬಹುದು. ಕನ್ನಡಕ ಹಾಕಿಕೊಂಡು, ಮಕ್ಕಳನ್ನು ದೂರ ಕಳಿಸಿ ಈ ಪರೀಕ್ಷೆ ಮಾಡಿ.

ಇನ್ನು ಎಂಜಿನ್ನಿನ ವಿಷಯ. ಎಷ್ಟೇ ಚೆನ್ನಾಗಿ ಸೋಸಿದರೂ ಎಣ್ಣೆ ಡೀಸೆಲ್ ಆಗುವುದಿಲ್ಲ, ಏಕೆಂದರೆ ಸೋಸುವುದರಿಂದ ಅದರ ಮಂದತೆ ಬದಲಾಗದು. 40 ಡಿಗ್ರಿಯಲ್ಲಿ ಡೀಸೆಲ್‌ನ ಸ್ನಿಗ್ಧತೆ, ಅಂದರೆ ಮಂದತೆಯ ಅಳತೆ, 2ರಿಂದ 4.5 ಸೆಂಟಿಸ್ಟೋಕ್, ಅಡುಗೆ ಎಣ್ಣೆಯದು 30ರಿಂದ 40. ಹೀಗೆ ಮಂದವಾಗಿರುವ ಎಣ್ಣೆ ಇಂಜೆಕ್ಟರಿನಿಂದ ಮಂಜಿನಂತೆ ಹರಡುವುದಿಲ್ಲ, ದಪ್ಪ ಹನಿಗಳಾಗಿ ಬೀಳುತ್ತದೆ. ಅರ್ಧ ಉರಿದದ್ದು ಪಿಸ್ಟನ್ ರಿಂಗುಗಳಲ್ಲಿ ಮಸಿಯಾಗಿ ಕೂರುತ್ತದೆ, ಉಳಿದದ್ದು ಎಂಜಿನ್ ಆಯಿಲ್‌ಗೆ ಇಳಿದು ಅದನ್ನು ಲೋಳೆ ಮಾಡುತ್ತದೆ. 70–80 ಡಿಗ್ರಿಗೆ ಕಾಯಿಸಿದರೆ ಮಂದತೆ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಎರಡು ಟ್ಯಾಂಕ್ ಇರಬೇಕು. ಡೀಸೆಲ್‌ನಲ್ಲಿ ಚಾಲೂ ಮಾಡಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ತಂಪುಮಾಡುವ ನೀರಿನ ಶಾಖದಲ್ಲೇ ಕಾಯಿಸಿದ ಎಣ್ಣೆಗೆ ಬದಲಿಸಿ. ನಿಲ್ಲಿಸುವ ಹತ್ತು ನಿಮಿಷ ಮುಂಚೆ ಮತ್ತೆ ಡೀಸೆಲ್‌ಗೆ ಬನ್ನಿ. ಕೊನೆಯ ಹೆಜ್ಜೆ ಮರೆತರೆ ತಣ್ಣಗಾದ ಎಣ್ಣೆ ಪಂಪಿನಲ್ಲಿ ಹೆಪ್ಪುಗಟ್ಟಿ ಕೂರುತ್ತದೆ. ಎಂಜಿನ್ ಆಯಿಲನ್ನು ತಯಾರಕರು ಹೇಳಿದ ಅವಧಿಯ ಅರ್ಧಕ್ಕೇ ಬದಲಿಸಿ.

ರಾಜಕೋಟ್‌ನ ಲಿಸ್ಟರ್ ಮಾದರಿಯ, ನಿಮಿಷಕ್ಕೆ 650 ಸುತ್ತು ತಿರುಗುವ ನಿಧಾನಗತಿಯ ಎಂಜಿನ್ ನಿಮ್ಮದಾಗಿದ್ದರೆ ಇದನ್ನೆಲ್ಲ ಸಹಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಅತಿ ಹೆಚ್ಚು ಒತ್ತಡದಲ್ಲಿ ಇಂಧನ ಚಿಮ್ಮಿಸುವ ಈಗಿನ ಕಾಮನ್ ರೈಲ್ ಕಾರು, ಟ್ರ್ಯಾಕ್ಟರ್‌ಗಳಿಗೆ ಸೋಸಿದ ಎಣ್ಣೆಯನ್ನು ಹಾಕಲೇಬಾರದು. ಇಂಜೆಕ್ಟರ್ ಹೋದರೆ ಉಳಿಸಿದ ಡೀಸೆಲ್‌ನ ಹಣದ ಎಷ್ಟೋ ಪಟ್ಟು ತೆರಬೇಕಾಗುತ್ತದೆ. ರಸ್ತೆಯ ವಾಹನಕ್ಕೆ ಇದು ಮಾನ್ಯ ಇಂಧನವೂ ಅಲ್ಲ. ಬಯೋಡೀಸೆಲ್ ಎಂದು ಕರೆಸಿಕೊಳ್ಳಲು ಎಣ್ಣೆ ರಾಸಾಯನಿಕವಾಗಿ ಬದಲಾಗಿ ಐಎಸ್ 15607 ಎಂಬ ಭಾರತೀಯ ಮಾನದಂಡ ತಲುಪಬೇಕು. ನೀವು ಮಾಡುತ್ತಿರುವುದು ಆ ಕೆಲಸವಲ್ಲ.

ಎಣ್ಣೆಯಿಂದ ಎಂಜಿನ್ ಓಡಿಸುವುದು ಹೊಸ ಹುಚ್ಚೇನಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ನಡೆಸಿ ಹಳ್ಳಿಗೆ ವಿದ್ಯುತ್ತು, ನೀರು ಒದಗಿಸುವ ದಾರಿ ತೋರಿಸಿದರು. ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವಿದೆ. ಗಾಣದಿಂದ ನೇರವಾಗಿ ಬಂದ ಹೊಂಗೆ ಎಣ್ಣೆಯಲ್ಲಿ ಉಪ್ಪಿಲ್ಲ, ಬೋಂಡಾ ಹಿಟ್ಟಿಲ್ಲ. ತೋಟದ ಬದುವಿನಲ್ಲಿ ಹೊಂಗೆ ಮರಗಳಿದ್ದರೆ ಅದರ ಕಡೆಗೂ ಒಮ್ಮೆ ಯೋಚಿಸಿ.

ಮೆಸ್‌ನವರನ್ನು ಒಂದು ಮಾತು ವಿಚಾರಿಸಿಕೊಳ್ಳಿ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಕರಿಯಲು ಬಳಸುವ ಅಡುಗೆಮನೆಗಳು ಅದರ ದಾಖಲೆ ಇಟ್ಟು, ಉಳಿದದ್ದನ್ನು ಅಧಿಕೃತ ಸಂಗ್ರಾಹಕರಿಗೇ ಕೊಡಬೇಕೆಂದು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಹೇಳುತ್ತದೆ. ಮತ್ತೆಮತ್ತೆ ಕಾಯಿಸಿದಾಗ ಎಣ್ಣೆಯಲ್ಲಿ ಹುಟ್ಟುವ ಒಟ್ಟು ಧ್ರುವೀಯ ಸಂಯುಕ್ತಗಳು ಶೇ. 25 ದಾಟಿದ ಎಣ್ಣೆ ಅಡುಗೆಗೆ ಅಯೋಗ್ಯ ಎಂಬ ನಿಯಮ 2018ರ ಜುಲೈನಿಂದ ಇದೆ. ನಿಮ್ಮ ಸೋಸಿದ ಎಣ್ಣೆ ನೋಡಲು ಹೊಸ ಎಣ್ಣೆಯಷ್ಟೇ ತಿಳಿಯಾಗಿರುತ್ತದೆ, ಅಪಾಯ ಇರುವುದೇ ಅಲ್ಲಿ. ಅಡುಗೆ ಎಣ್ಣೆಯ ಡಬ್ಬಿಯಲ್ಲಿ ಎಂದೂ ತುಂಬಿಡಬೇಡಿ. ಕ್ಯಾನ್‌ಗೆ ಬಣ್ಣ ಬಳಿದು "ಎಂಜಿನ್‌ಗೆ ಮಾತ್ರ" ಎಂದು ದೊಡ್ಡದಾಗಿ ಬರೆಯಿರಿ. ಕೆಲಸದವರೊಬ್ಬರು ತಿಳಿಯದೆ ಮನೆಗೆ ಒಯ್ದರೆ ಆ ಹೊಣೆ ನಿಮ್ಮದು.

ಗಸಿಯನ್ನು ಚರಂಡಿಗೆ ಬಿಡಬೇಡಿ, ಕೊಬ್ಬು ಪೈಪಿನಲ್ಲಿ ಗಟ್ಟಿಯಾಗಿ ಇಡೀ ಬೀದಿಗೆ ತೊಂದರೆಯಾಗುತ್ತದೆ. ಸ್ವಲ್ಪಸ್ವಲ್ಪವಾಗಿ ತರಗೆಲೆಯ ಜೊತೆ ಗೊಬ್ಬರದ ಗುಂಡಿಗೆ ಬೆರೆಸಬಹುದು. ಎಣ್ಣೆ ಒರೆಸಿದ ಬಟ್ಟೆಗಳ ಬಗ್ಗೆ ಮಾತ್ರ ಇನ್ನೂ ಹೆಚ್ಚು ಎಚ್ಚರ ಬೇಕು. ಸೂರ್ಯಕಾಂತಿ, ಸೋಯಾ ಎಣ್ಣೆಯಲ್ಲಿ ತೊಯ್ದ ಹತ್ತಿಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ, ಎಣ್ಣೆ ಗಾಳಿಯೊಡನೆ ಕೂಡುವಾಗ ಹುಟ್ಟುವ ಶಾಖ ಹೊರಹೋಗಲು ದಾರಿಯಿಲ್ಲದೆ ಬೆಂಕಿ ತಾನಾಗಿ ಹೊತ್ತಿಕೊಳ್ಳಬಲ್ಲದು. ಅಂಥ ಬಟ್ಟೆಗಳನ್ನು ನೀರು ತುಂಬಿದ ಕಬ್ಬಿಣದ ಡಬ್ಬಿಯಲ್ಲಿ ಮುಳುಗಿಸಿ, ಮುಚ್ಚಳ ಹಾಕಿ, ಹುಲ್ಲಿನ ಬಣವೆ ಮತ್ತು ಕೊಟ್ಟಿಗೆಯಿಂದ ದೂರವಿಡಿ.