ಪಾದ್ರಿಯ ಪಂಪಿನೊಳಗಿನ ವಾಷರ್

ಉಗಾಂಡ, ಮಲಾವಿಯಂಥ ದೇಶಗಳ ಹಳ್ಳಿಗಳಲ್ಲಿ ಚರ್ಚಿನ ಪಾದ್ರಿಗಳು ಚಂದಾ ಎತ್ತಿ ಬೋರ್‌ವೆಲ್ ಕೊರೆಸುತ್ತಾರೆ. ಪಂಪು ಕೂರಿಸಿದ ದಿನ ಪ್ರಾರ್ಥನೆ, ಹಾಡು, ಕುಣಿತ. ಹಳದಿ ಜೆರಿಕ್ಯಾನಿಗೆ ಮೊದಲ ನೀರು ಬೀಳುವ ಫೋಟೊ ನೀವೂ ನೋಡಿರುತ್ತೀರಿ. ಎಲ್ಲರ ಕಣ್ಣೂ ನೀರಿನ ಮೇಲೆ. ನಾನು ಮಾತ್ರ ಪಂಪನ್ನೇ ನೋಡುತ್ತೇನೆ. ಮೂರು ಕಾಲು, ಕಬ್ಬಿಣದ ಡಬ್ಬದಂಥ ತಲೆ, ಉದ್ದ ಹಿಡಿಕೆ. ಅರೆ, ಇದು ನಮ್ಮ ಶಾಲೆ ಮುಂದಿದ್ದ ಬೋರು!

ಎಷ್ಟೋ ಕಡೆ ನಿಜಕ್ಕೂ ಅದೇ. ಇಂಡಿಯಾ ಮಾರ್ಕ್ 2. 1960ರ ದಶಕದ ಕೊನೆಯ ಬರದಲ್ಲಿ ನಮ್ಮ ದೇಶದ ಗಟ್ಟಿ ಬಂಡೆಯಲ್ಲಿ ಬೋರು ಕೊರೆಯುವ ಕೆಲಸ ಜೋರಾಯಿತು. ಆದರೆ ಅವಕ್ಕೆ ಹಾಕಿದ್ದು ಒಂದು ಮನೆಗೆ ಸಾಕಾಗುವ ಎರಕದ ಪಂಪು. ಇಡೀ ಊರು ಜಗ್ಗಿದರೆ ಅದು ಎಷ್ಟು ದಿನ ತಡೆದೀತು? 1974ರಲ್ಲಿ ಸಮೀಕ್ಷೆ ಮಾಡಿದಾಗ ನಾಲ್ಕರಲ್ಲಿ ಮೂರು ಕೆಟ್ಟು ನಿಂತಿದ್ದವು. ಈ ತೊಂದರೆಗೆ ಮೊದಲ ದಾರಿ ಹುಡುಕಿದ್ದು ದೊಡ್ಡ ಲ್ಯಾಬುಗಳಲ್ಲ. ಮಹಾರಾಷ್ಟ್ರದ ಜಾಲ್ನಾದ ಕ್ರೈಸ್ತ ಮಿಷನ್‌ನವರು ಉಕ್ಕಿನ ಪಂಪು ಮಾಡಿದರು. ನಮ್ಮ ವಿಜಯಪುರದ ಪಕ್ಕದ ಸೊಲ್ಲಾಪುರದಲ್ಲಿ ಅದು ಇನ್ನಷ್ಟು ಗಟ್ಟಿಯಾಯಿತು. ಅದನ್ನೇ ಹಿಡಿದು ಸರ್ಕಾರ, ಯುನಿಸೆಫ್ ಸೇರಿ ಮಾರ್ಕ್ 2 ತಂದವು. 1990ರ ದಶಕದ ಮಧ್ಯದ ಹೊತ್ತಿಗೆ ಇಂಥವು ಜಗತ್ತಿನ ತುಂಬ 50 ಲಕ್ಷ. ಅಂದರೆ ಆಫ್ರಿಕಾದ ಪಾದ್ರಿ ಕೂರಿಸುವ ಪಂಪಿನ ತಾತನನ್ನು ಹುಟ್ಟಿಸಿದ್ದೂ ಒಂದು ಮಿಷನ್ನೇ.

ಈಗ ನನಗೆ ಸಿಟ್ಟು ತರಿಸುವ ಮಾತಿಗೆ ಬರೋಣ. ‘ಪಂಪು ನೀರನ್ನು ಹೀರುತ್ತದೆ’ ಅಂತಾರಲ್ಲ, ಅದು. ಹೀರಿದರೆ ನೀರು ತಾನಾಗಿ ಮೇಲೆ ಬರಲ್ಲ. ಕೊಳವೆಯಲ್ಲಿ ಗಾಳಿ ಕಡಿಮೆಯಾದಾಗ ಹೊರಗಿನ ಗಾಳಿಯ ಭಾರ ಅದನ್ನು ಮೇಲಕ್ಕೆ ತಳ್ಳುತ್ತದೆ. ಗಾಳಿಯ ಕೈಲಾಗುವುದು ಸುಮಾರು 10 ಮೀಟರ್ ಮಾತ್ರ. ಹತ್ತು ಮೀಟರ್ ಮೇಲೆ ಪಂಪು ಸೋಲುತ್ತದೆ ಅಂತ ಗೆಲಿಲಿಯೊಗೆ ಗೊತ್ತಿತ್ತು. ಆದರೆ ಉದ್ದ ಜಾಸ್ತಿಯಾದ ಹಗ್ಗ ತನ್ನ ಭಾರಕ್ಕೇ ತುಂಡಾಗುವ ಹಾಗೆ ಕೊಳವೆಯ ನೀರೂ ತುಂಡಾಗುತ್ತದೆ ಅಂತ 1638ರಲ್ಲಿ ಬರೆದ. ಅಂಥವನೂ ಎಡವಿದ್ದ! ಗಾಳಿಗೆ ತೂಕ ಇದೆ ಅಂತ ಪಾದರಸ ಇಟ್ಟು ತೋರಿಸಿದ್ದು ಅವನ ಶಿಷ್ಯ ಟೊರಿಸೆಲ್ಲಿ. ಸಮುದ್ರಮಟ್ಟದಿಂದ ಸುಮಾರು 1200 ಮೀಟರ್ ಎತ್ತರದಲ್ಲಿರುವ ಉಗಾಂಡದ ರಾಜಧಾನಿ ಕಂಪಾಲಾದಲ್ಲಿ ಗಾಳಿ ಇನ್ನೂ ತೆಳು. ಅಲ್ಲಿ 9 ಮೀಟರ್ ದಾಟುವುದೂ ಕಷ್ಟ.

ನೀರೇ 30 ಮೀಟರ್ ಕೆಳಗಿದ್ದರೆ? ಪಂಪನ್ನೇ ಕೆಳಗೆ ಇಳಿಸಬೇಕು, ಅಷ್ಟೇ. ನಾವು ಕಟ್ಟೆ ಮೇಲೆ ನೋಡುವುದು ಬರೀ ಹಿಡಿಕೆ. ನಿಜವಾದ ಪಂಪು ನೀರಲ್ಲಿ ಮುಳುಗಿರುವ ಒಂದು ಸಿಲಿಂಡರ್, ಒಳಗೆ ಹಿತ್ತಾಳೆಯ ಹೊದಿಕೆ. ತಳಕ್ಕೆ ಬಾಗಿಲಿರುವ ಬಕೆಟ್ ಅಂದುಕೊಳ್ಳಿ. ಇಳಿಸಿದರೆ ಬಾಗಿಲು ತೆರೆದು ನೀರು ಒಳಗೆ, ಎತ್ತಿದರೆ ನೀರಿನ ಭಾರಕ್ಕೇ ಬಾಗಿಲು ಬಂದ್. ಇದು ಪಿಸ್ಟನ್. ಅದರ ಕೆಳಗೆ ಇನ್ನೊಂದು ಬಾಗಿಲು. ಅಟ್ಟಕ್ಕೆ ಮೂಟೆ ಏರಿಸುವಾಗ ಒಬ್ಬ ಎತ್ತುತ್ತಾನೆ, ಅವನು ಕೈ ಬದಲಿಸುವಷ್ಟು ಹೊತ್ತು ಇನ್ನೊಬ್ಬ ಹಿಡಿದಿರುತ್ತಾನೆ, ಅಲ್ವಾ? ಹಾಗೆ. ಜಾತ್ರೆಯ ಸರದಿ ಸಾಲಿನಲ್ಲಿ ಒಂದೇ ಕಡೆ ತಿರುಗುವ ಗೇಟು ಅಂತಲೂ ಹೇಳಬಹುದು. ಒಳಗೆ ಹೋದವರು ವಾಪಸ್ ಬರುವ ಹಾಗಿಲ್ಲ.

30 ಮೀಟರ್ ಆಳದಲ್ಲಿ ಪಿಸ್ಟನ್ ಮೇಲಿನ ನೀರಿನ ಭಾರ ಸುಮಾರು 95 ಕಿಲೋ. ಹಿಡಿಕೆಯ ಸನ್ನೆ ಎಂಟಕ್ಕೆ ಒಂದು, ಅಂದರೆ ಕೈ ಹಿಡಿಯುವ ಕಡೆ ಎಂಟು ಪಟ್ಟು ಉದ್ದ. ಹಾಗಾಗಿ ಕೈಗೆ ಬರುವುದು 12 ಕಿಲೋ, ಜೊತೆಗೆ ಹಿಡಿಕೆಯಿಂದ ಪಿಸ್ಟನ್‌ವರೆಗೆ ಇಳಿದಿರುವ ಸರಳಿನ ತೂಕ ಸ್ವಲ್ಪ. ಎಂಟು ವರ್ಷದ ಹುಡುಗಿ ನೇತಾಡಿಯಾದರೂ ಜಗ್ಗಬಲ್ಲಳು. ಹಿಡಿಕೆ ಕಮಾನಿನಂತೆ ತಿರುಗಿದರೂ ಸರಳು ನೆಟ್ಟಗೆ ಹೋಗಲಿ ಅಂತ ತಲೆಯೊಳಗೆ ಸೈಕಲ್ಲಿನದರಂಥ ಚೈನು. ಎಂಥ ಚೆಂದದ ಉಪಾಯ!

ಪಕ್ಕದಿಂದ ನೀರು ಕೆಳಗೆ ಜಾರದಿರಲಿ ಅಂತ ಪಿಸ್ಟನ್ನಿನ ಸುತ್ತ ಬಟ್ಟಲಿನಂಥ ವಾಷರ್. ಮೊದಲು ಚರ್ಮದ್ದು, ಆಮೇಲೆ ರಬ್ಬರಿನದು. ಒಂದು ಲೆಕ್ಕ ಹಾಕೋಣ. 20 ಲೀಟರಿನ ಜೆರಿಕ್ಯಾನ್ ತುಂಬಲು ಸುಮಾರು 50 ಸಲ ಜಗ್ಗಬೇಕು. 250 ಜನ ದಿನಕ್ಕೆ ಒಂದೊಂದು ಕ್ಯಾನ್ ಒಯ್ದರೆ 12,500 ಸಲ. ಪ್ರತಿ ಸಲ ವಾಷರ್ 12.5 ಸೆಂಟಿಮೀಟರ್ ಮೇಲೆ, ಅಷ್ಟೇ ಕೆಳಗೆ. ವರ್ಷಕ್ಕೆ 1,100 ಕಿಲೋಮೀಟರ್ ದಾಟುತ್ತದೆ. ಕೊಳವೆಗೆ ಉಜ್ಜಿಕೊಂಡೇ ಬೆಂಗಳೂರಿನಿಂದ ಮುಂಬೈ ತಲುಪಿದ ಹಾಗೆ. ಸವೆಯದೆ ಏನು ಮಾಡೀತು?

ಸವೆದದ್ದನ್ನು ಬದಲಿಸಲು ಮಾರ್ಕ್ 2ರಲ್ಲಿ ಮೂರು ಮೂರು ಮೀಟರಿನ ಕಬ್ಬಿಣದ ಪೈಪುಗಳನ್ನೆಲ್ಲ ಹೊರಗೆ ಎಳೆಯಬೇಕು. ಇದಕ್ಕೇ 1980ರ ದಶಕದಲ್ಲಿ ಮಲಾವಿಯಲ್ಲಿ ಶುರುವಾದ ಕೆಲಸದಿಂದ ಅಫ್ರಿದೇವ್ ಪಂಪು ಬಂತು. ಅದರಲ್ಲಿ ಪೈಪು ಮುಟ್ಟದೆ ಸರಳಿನ ಜೊತೆ ಪಿಸ್ಟನ್ ಎಳೆದುಕೊಳ್ಳಬಹುದು. ಊರಿನ ಹೆಂಗಸರೇ ಮಾಡಿಕೊಳ್ಳುವ ಕೆಲಸ. ಆದರೂ 2009ರ ಲೆಕ್ಕದ ಪ್ರಕಾರ ಸಹಾರಾದ ದಕ್ಷಿಣದ ದೇಶಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಕೈಪಂಪು ಕೆಟ್ಟಿದ್ದವು. ಪಂಪು ಕೆಟ್ಟರೆ ಜನ ದನ ಇಳಿಯುವ ಹೊಂಡಕ್ಕೇ ವಾಪಸ್. ಅದಕ್ಕೇ ಬೋರು ಕೊರೆಸಿದ ಪಾದ್ರಿಗಿಂತ ಭಾನುವಾರದ ಕಾಣಿಕೆಯಲ್ಲಿ ವಾಷರಿಗೆ ಅಂತ ಚಿಲ್ಲರೆ ಎತ್ತಿಡುವ ಪಾದ್ರಿ ನನಗೆ ದೊಡ್ಡವನಾಗಿ ಕಾಣುತ್ತಾನೆ.

ನಮ್ಮ ಶಾಲೆಯ ಬೋರು ಒಂದು ಬೇಸಿಗೆ ಮೂವತ್ತು ಸಲ ಜಗ್ಗಿದ ಮೇಲೆ ನೀರು ಕೊಡತೊಡಗಿತು. ಗಂಗಮ್ಮ ಮುನಿದಿದ್ದಾಳೆ ಅಂತ ಹಿರಿಯರು ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದರು. ಕಾಯಿ ಚೂರು ನಮಗೂ ಸಿಕ್ಕಿತು, ಬೇಡ ಅನ್ನಲಿಲ್ಲ. ಹದಿನೈದು ದಿನದ ಮೇಲೆ ಮೆಕ್ಯಾನಿಕ್ ಬಂದ. ಹತ್ತು ಪೈಪು ಬಿಚ್ಚಿ ಸಿಲಿಂಡರ್ ತೆಗೆದು, ಕೆಳಗಿನ ಬಾಗಿಲಲ್ಲಿ ಸಿಕ್ಕಿಕೊಂಡಿದ್ದ ಕಡಲೆಗಾತ್ರದ ಕಲ್ಲನ್ನು ಉಗುರಲ್ಲಿ ಕಿತ್ತ. ಬಾಯಿ ಮುಚ್ಚದ ಬಾಗಿಲಿಂದ ನೀರು ರಾತ್ರಿಯೆಲ್ಲ ಕೆಳಗೆ ಸೋರುತ್ತಿತ್ತು, ಅಷ್ಟೇ. ವಾಷರುಗಳನ್ನೂ ಬದಲಿಸಿದ. ಅಂಚು ಸವೆದು ಹಪ್ಪಳದಷ್ಟು ತೆಳುವಾಗಿದ್ದ ಹಳೆಯವನ್ನು ಪಕ್ಕಕ್ಕೆ ಎಸೆದ. ನಾವು ಬಿದ್ದು ಹೊಡೆದಾಡಿ ಎತ್ತಿಕೊಂಡೆವು. ನನಗೆ ಸಿಕ್ಕಿದ್ದು ಎಷ್ಟೋ ದಿನ ನನ್ನ ಜೋಳದ ದಂಟಿನ ಗಾಡಿಗೆ ಗಾಲಿಯಾಗಿತ್ತು.